ಹಳೆಯ ಅಡಿಪಾಯ, ಹೊಸ ಭಾರ: ನೆಲದ ಮಾತನ್ನು ಕೇಳುವವರಾರು?

ಮಲೆನಾಡಿನ ಮತ್ತು ಘಟ್ಟದ ಕೆಳಗಿನ ಹಳ್ಳಿಗಳಲ್ಲಿ ಹಳೆಯ ಅಕ್ಕಿ ಗಿರಣಿ, ಮರದ ಮಿಲ್ಲು, ಕಾಫಿ ಪಲ್ಪರ್ ಮನೆಗಳ ಅಡಿಪಾಯಗಳ ಮೇಲೆ ಹೊಸ ಯಂತ್ರಗಳನ್ನು ಕೂರಿಸುವುದು ಸಾಮಾನ್ಯ ಸಂಗತಿ. ಪರಿಸರದ ದೃಷ್ಟಿಯಿಂದ ಇದು ಸ್ವಾಗತಾರ್ಹವೇ ಸರಿ. ಇರುವ ತಳವನ್ನೇ ಬಳಸಿಕೊಂಡರೆ ಗುಡ್ಡವನ್ನು ಹೊಸದಾಗಿ ಕಡಿಯಬೇಕಾಗಿಲ್ಲ. ಮರಳು, ಕಲ್ಲು, ಸಿಮೆಂಟು ಉಳಿಯುತ್ತವೆ. ಗುಡ್ಡದ ಬುಡ ಕಡಿದರೆ ಏನಾದೀತೆಂಬುದನ್ನು 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡ ನಾಡಿಗೆಲ್ಲ ತೋರಿಸಿಕೊಟ್ಟಿದೆ. ಆದರೆ ‘ಐವತ್ತು ವರ್ಷ ಅಲುಗದೆ ನಿಂತ ಅಡಿಪಾಯ, ಇನ್ನೇನಾದೀತು?’ ಎಂಬ ಒಂದೇ ಮಾತಿನ ಬಲದಿಂದ ಭಾರವಾದ ಯಂತ್ರವನ್ನು ಅದರ ಮೇಲೆ ಹೇರುವುದು ವಿವೇಕವಲ್ಲ.

ಐವತ್ತು ವರ್ಷಗಳ ಬಾಳಿಕೆ ಸಾಬೀತುಪಡಿಸುವುದು ಹಳೆಯ ಭಾರವನ್ನು ಹೊರುವ ಶಕ್ತಿಯನ್ನು ಮಾತ್ರ. ನೆಲದ ಮೇಲಿನ ಒತ್ತಡವೆಂದರೆ ಒಟ್ಟು ಭಾರವನ್ನು ಅಡಿಪಾಯದ ತಳದ ವಿಸ್ತೀರ್ಣದಿಂದ ಭಾಗಿಸಿದಾಗ ದೊರೆಯುವ ಮೊತ್ತ. ಎರಡು ಮೀಟರ್ ಉದ್ದ, ಎರಡು ಮೀಟರ್ ಅಗಲದ ತಳದ ಮೇಲೆ, ಅಡಿಪಾಯದ ತೂಕವೂ ಸೇರಿ 8 ಟನ್ ಭಾರವಿದ್ದರೆ ಪ್ರತಿ ಚದರ ಮೀಟರಿಗೆ 2 ಟನ್ ಒತ್ತಡ ಬೀಳುತ್ತದೆ. ಭಾರ 20 ಟನ್ನಿಗೇರಿದರೆ ಒತ್ತಡ 5 ಟನ್ನಾಗುತ್ತದೆ. ಹಳೆಯ ಭಾರದಡಿ ಮಣ್ಣು ಒಂದಿಷ್ಟು ಗಟ್ಟಿಗೊಂಡಿರುವುದು ನಿಜವೇ ಆದರೂ ಎರಡೂವರೆ ಪಟ್ಟು ಒತ್ತಡಕ್ಕೆ ಅದು ಒಪ್ಪಿಗೆಪತ್ರವಾಗಲಾರದು. ಇನ್ನು ಡೀಸೆಲ್ ಇಂಜಿನ್ನಿನಂತಹ ಯಂತ್ರಗಳು ನೆಲವನ್ನು ಒತ್ತುವುದಷ್ಟೇ ಅಲ್ಲ, ಎಡೆಬಿಡದೆ ನಡುಗಿಸುತ್ತವೆ. ಸಡಿಲ ಮರಳುಮಣ್ಣು ಈ ಕಂಪನಕ್ಕೆ ಕುಗ್ಗಿ ಕೂರುತ್ತದೆ. ಅಡಿಪಾಯ ಒಂದು ಮಗ್ಗುಲಿಗೆ ವಾಲುತ್ತದೆ.

ಈ ಸೀಮೆಯ ನೆಲದ ರಚನೆ ವಿಶೇಷವಾದುದು. ಕರಾವಳಿ ಮತ್ತು ಘಟ್ಟದ ಬುಡದಲ್ಲಿ ಮೇಲೆ ಗಟ್ಟಿಯಾದ ಮುರಕಲ್ಲು, ಅದರ ಕೆಳಗೆ ಮೃದುವಾದ ಶೇಡಿ ಮಣ್ಣು ಇರುವುದು ಅನೇಕ ಕಡೆ ಕಂಡುಬರುತ್ತದೆ. ಬೇಸಿಗೆಯಲ್ಲಿ ಒಣಗಿರುವಾಗ ಶೇಡಿ ಮಣ್ಣು ಗಟ್ಟಿಯೆನಿಸುತ್ತದೆ; ಮಳೆಗಾಲದಲ್ಲಿ ನೀರು ಕುಡಿದಾಗ ಬಲವನ್ನು ಬಹುಮಟ್ಟಿಗೆ ಕಳೆದುಕೊಳ್ಳುತ್ತದೆ. ಮರಳುಮಣ್ಣಿನಲ್ಲಿಯೂ ಅಂತರ್ಜಲ ಅಡಿಪಾಯದ ತಳದವರೆಗೆ ಏರಿದರೆ ಹೊರುವ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಬಹುದು. ಇಳಿಜಾರಿನ ಅಂಚಿನ ನೆಲವಂತೂ ಸಮತಟ್ಟಾದ ನೆಲದಷ್ಟು ಭಾರವನ್ನು ಹೊರಲಾರದು. ಆದುದರಿಂದ ಫೆಬ್ರವರಿಯ ಒಣನೆಲದ ಪರೀಕ್ಷೆಯನ್ನು ನಂಬಿ ಆಷಾಢದ ಭರವಸೆ ಕೊಡುವುದು ಸಲ್ಲದು.

ಪರೀಕ್ಷೆ ಎಷ್ಟು ಆಳಕ್ಕೆ ಹೋಗಬೇಕೆಂಬುದೂ ಮುಖ್ಯ ಪ್ರಶ್ನೆ. ಅಡಿಪಾಯದ ಒತ್ತಡವು ಅದರ ಅಗಲದ ಸುಮಾರು ಎರಡು ಪಟ್ಟು ಆಳದವರೆಗೆ ಗಣನೀಯವಾಗಿರುತ್ತದೆ. 30 ಸೆಂಟಿಮೀಟರ್ ತಟ್ಟೆಯನ್ನಿಟ್ಟು ಭಾರ ಹೇರಿ ನೋಡಿದರೆ ಸುಮಾರು 60 ಸೆಂಟಿಮೀಟರ್ ಆಳದ ಮಣ್ಣಷ್ಟೇ ಉತ್ತರಿಸುತ್ತದೆ. 3 ಮೀಟರ್ ಅಗಲದ ಅಡಿಪಾಯವಾದರೋ 6 ಮೀಟರ್ ಆಳದ ಮಣ್ಣನ್ನೂ ಒತ್ತುತ್ತದೆ. ಮುರಕಲ್ಲಿನ ಮೇಲೆ ತಟ್ಟೆಯಿಟ್ಟವರಿಗೆ ಕೆಳಗಿನ ಶೇಡಿ ಮಣ್ಣು ತನ್ನ ಗುಟ್ಟನ್ನು ಬಿಟ್ಟುಕೊಡುವುದಿಲ್ಲ.

ಇಂತಹ ಪ್ರಮಾದಕ್ಕೆ ಜಗತ್ತಿನಲ್ಲಿ ಹೆಸರಾದ ನಿದರ್ಶನವೊಂದಿದೆ. ಕೆನಡಾ ದೇಶದ ವಿನ್ನಿಪೆಗ್ ಬಳಿಯ ಟ್ರಾನ್ಸ್‌ಕೋನಾದಲ್ಲಿ ಕಟ್ಟಿದ ಬೃಹತ್ ಧಾನ್ಯದ ಕಣಜಕ್ಕೆ 1913ರಲ್ಲಿ ಮೊದಲ ಬಾರಿ ಧಾನ್ಯ ತುಂಬಲಾಯಿತು. ಆ ಅಕ್ಟೋಬರ್ ತಿಂಗಳಿನಲ್ಲಿ ಒಂದು ದಿನದೊಳಗಾಗಿ ಅದು ನೆಲದಲ್ಲಿ ಹೂತು ಸುಮಾರು 27 ಡಿಗ್ರಿ ವಾಲಿತು. ಕಟ್ಟುವ ಮುನ್ನ ಭಾರ ಹೇರಿ ನೋಡಿದ್ದು ಮೇಲ್ಪದರದ ಗಟ್ಟಿ ಜೇಡಿಯನ್ನು. ಮೆತ್ತನೆಯ ಜೇಡಿ ಅದರ ಕೆಳಗಿತ್ತು. ಅಲ್ಲಿನ ಅಡಿಪಾಯ ಹೊಸದು, ಇಲ್ಲಿನ ಅಡಿಪಾಯಗಳು ಹಳೆಯವು. ಆದರೆ ಗಟ್ಟಿ ಪದರದಡಿ ಅಡಗಿದ ಮೆತ್ತನೆಯ ಮಣ್ಣಿನ ಅಪಾಯ ಒಂದೇ. ಕಣಜವನ್ನು ಮರಳಿ ನೇರ ನಿಲ್ಲಿಸಲು ಬಂಡೆಯವರೆಗೂ ಕಂಬಗಳನ್ನು ಇಳಿಸಬೇಕಾಯಿತು.

ಹಾಗಾದರೆ ಮಾಡಬೇಕಾದುದೇನು? ಮೊದಲು ಹಳೆಯ ಅಡಿಪಾಯದ ಬದಿಯಲ್ಲಿ ಗುಂಡಿ ತೋಡಿ ಅದರ ಆಳ, ಅಗಲ, ಬಿರುಕುಗಳನ್ನು ಕಣ್ಣಾರೆ ನೋಡಬೇಕು. ಅನಂತರ ತಳದ ಅಗಲದ ಎರಡು ಪಟ್ಟು ಆಳದವರೆಗಾದರೂ ಕೊರೆದು ಪದರಪದರದ ಮಣ್ಣನ್ನು ಪರೀಕ್ಷಿಸಬೇಕು. ಮಳೆಗಾಲದಲ್ಲಿ ಸುತ್ತಲಿನ ಬಾವಿಗಳ ನೀರು ಎಲ್ಲಿಯವರೆಗೆ ಏರುವುದೆಂದು ಊರಿನ ಹಿರಿಯರಿಂದ ತಿಳಿದುಕೊಳ್ಳಬೇಕು. ಮಣ್ಣು ಕುಸಿಯುವ ಒತ್ತಡದ ಎರಡೂವರೆ ಅಥವಾ ಮೂರನೆಯ ಒಂದು ಪಾಲನ್ನಷ್ಟೇ ಸುರಕ್ಷಿತವೆಂದು ಎಣಿಸುವುದು ಇಂಜಿನಿಯರುಗಳ ವಾಡಿಕೆ. ಲೆಕ್ಕ ಅದಕ್ಕೆ ಹೊಂದದಿದ್ದರೆ ತಳವನ್ನು ಅಗಲಿಸಬೇಕು, ಇಲ್ಲವೇ ಹಗುರವಾದ ಯಂತ್ರವನ್ನು ಆರಿಸಿಕೊಳ್ಳಬೇಕು.

ಇದಕ್ಕೆ ಹಣ ಬೇಕು, ಸಣ್ಣ ಉದ್ದಿಮೆದಾರನಿಗೆ ಇದು ಹೊರೆ ಎಂಬ ಆಕ್ಷೇಪ ನ್ಯಾಯವಾದುದೇ. ಆದರೆ ಇಳಿಜಾರಿನಲ್ಲಿ ಅಡಿಪಾಯ ಜಾರಿದರೆ ನಷ್ಟ ಯಂತ್ರದ ಒಡೆಯನೊಬ್ಬನದೇ ಅಲ್ಲ. ಕೆಳಗಿನ ಮನೆ, ತೋಟ, ಹಳ್ಳದ ನೀರು ಕೂಡ ಅದರ ಪಾಲುದಾರರು. ಆದಕಾರಣ ಭಾರಿ ಯಂತ್ರಕ್ಕೆ ಪರವಾನಗಿ ನೀಡುವ ಮುನ್ನ ಮಣ್ಣುಪರೀಕ್ಷೆಯ ವರದಿಯನ್ನು ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಓದಿ ಹೇಳುವ ಪದ್ಧತಿ ಬರಬೇಕು. ಸಮೀಪದ ಇಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಅಧ್ಯಾಪಕರ ಮಾರ್ಗದರ್ಶನದಲ್ಲಿ ಹಳ್ಳಿಗಳ ಮಣ್ಣಿನ ಪದರಗಳನ್ನು ದಾಖಲಿಸಿಕೊಟ್ಟರೆ ವೆಚ್ಚವೂ ತಗ್ಗೀತು. ಹಳೆಯದನ್ನು ಮರುಬಳಸುವ ಸದಾಚಾರ ಉಳಿಯಬೇಕಾದರೆ, ಭಾರ ಹೇರುವ ಮುನ್ನ ನೆಲವನ್ನು ಕೇಳುವ ಸೌಜನ್ಯವೂ ಅದರೊಡನೆ ಬೆಳೆಯಬೇಕು.