ತಂತಿ ಕಟ್ಟಿದ ಬಾಯಲ್ಲಿ ಸಾಯುವ ಹಲ್ಲು

ಓರೆಕೋರೆಯಾಗಿ ಬೆಳೆದ ಹಲ್ಲುಗಳನ್ನು ತಂತಿ ಕಟ್ಟಿ ಸಾಲಿಗೆ ತರುವ ಚಿಕಿತ್ಸೆಯು ಇಂದು ಸಾಮಾನ್ಯ ಕುಟುಂಬಗಳಿಗೂ ಪರಿಚಿತವಾಗಿದೆ. ಒಂದೂವರೆ ಇಲ್ಲವೆ ಎರಡು ವರ್ಷ ಹಿಡಿಯುವ ಈ ಚಿಕಿತ್ಸೆಯ ನಡುವೆ ಕೆಲವೊಮ್ಮೆ ಒಂದೇ ಒಂದು ಹಲ್ಲು, ಅದರಲ್ಲೂ ಮೇಲ್ದವಡೆಯ ಮುಂಬಾಗಿಲ ಹಲ್ಲು, ಮೆಲ್ಲಮೆಲ್ಲನೆ ಬೂದುಬಣ್ಣಕ್ಕೆ ತಿರುಗುವುದುಂಟು. ಆಗ ಮನೆಯವರು ಎರಡು ತೀರ್ಮಾನಗಳಿಗೆ ಬರುತ್ತಾರೆ: ತಂತಿಯೇ ಹಲ್ಲನ್ನು ಕೊಂದಿತು, ಸತ್ತ ಹಲ್ಲನ್ನು ಕೀಳಿಸಿಬಿಡಬೇಕು. ಮೊದಲನೆಯದು ಹೆಚ್ಚೆಂದರೆ ಅರ್ಧಸತ್ಯ. ಎರಡನೆಯದು ಬಹುಪಾಲು ಅನರ್ಥ.

ಹಲ್ಲಿನ ಗಟ್ಟಿ ಕವಚದೊಳಗೆ ರಕ್ತನಾಳ ಮತ್ತು ನರಗಳಿಂದ ಕೂಡಿದ ಮೃದುವಾದ ತಿರುಳಿದೆ. ಬೇರಿನ ತುದಿಯ ಸೂಕ್ಷ್ಮ ರಂಧ್ರದ ಮೂಲಕವೇ ಅದಕ್ಕೆ ರಕ್ತ ಒದಗಬೇಕು. ಆಳವಾದ ಹುಳುಕಿನಿಂದಾಗಲಿ ಪೆಟ್ಟಿನಿಂದಾಗಲಿ ಈ ತಿರುಳು ಬಾತರೆ, ಸುತ್ತಲಿನ ಗೋಡೆ ಹಿಗ್ಗದ ಕಾರಣ ರಕ್ತಸಂಚಾರವು ಕುಂಠಿತವಾಗಿ ಅದು ಸಾಯುತ್ತದೆ. ತಜ್ಞರು ಪ್ರಯೋಗಿಸುವ ಹಿತಮಿತವಾದ ಒತ್ತಡದಿಂದ ಆರೋಗ್ಯವಂತ ತಿರುಳು ಸಾಯುವುದು ವಿರಳ. ಆದರೆ ಎಂಟು-ಹತ್ತನೆಯ ವಯಸ್ಸಿನಲ್ಲಿ ಸೈಕಲಿನಿಂದ ಬಿದ್ದು ಪೆಟ್ಟು ತಿಂದ ಹಲ್ಲು, ನೋಡಲು ಗಟ್ಟಿಯಾಗಿದ್ದರೂ, ತಂತಿಯ ಒತ್ತಡವನ್ನು ತಾಳಲಾರದೆ ಹೋಗಬಹುದು. ಇಲ್ಲಿ ತಂತಿಯು ನಿಮಿತ್ತವಾದೀತು. ಮೂಲವು ಎಲ್ಲರೂ ಮರೆತ ಆ ಹಳೆಯ ಪೆಟ್ಟು.

ತಿರುಳು ಸತ್ತಮಾತ್ರಕ್ಕೆ ಹಲ್ಲು ಸತ್ತಂತಲ್ಲ. ಬೇರನ್ನು ದವಡೆಯ ಎಲುಬಿಗೆ ಬಂಧಿಸುವ ತೆಳುವಾದ ಪೊರೆಗೆ ಬೇರೆಯೇ ರಕ್ತಪೂರೈಕೆಯಿದೆ. ತಂತಿಯಿಂದ ಹಲ್ಲು ಸರಿಯುವುದು ಈ ಪೊರೆಯ ಮತ್ತು ಎಲುಬಿನ ಚಟುವಟಿಕೆಯಿಂದಲೇ ಹೊರತು ತಿರುಳಿನಿಂದಲ್ಲ. ಆದುದರಿಂದ ಸೋಂಕು ತಗಲಿದ ತಿರುಳನ್ನು ತೆಗೆದು, ನಾಳವನ್ನು ಶುಚಿಗೊಳಿಸಿ ಮುಚ್ಚುವ ರೂಟ್ ಕೆನಾಲ್ ಚಿಕಿತ್ಸೆಯ ತರುವಾಯ ಅಂತಹ ಹಲ್ಲನ್ನು ಉಳಿದವುಗಳಂತೆಯೇ ಸರಿಸಬಹುದು. ಸೋಂಕು ಶಮನವಾಗುವವರೆಗೆ ಆ ಹಲ್ಲಿನ ಮೇಲಿನ ಒತ್ತಡವನ್ನು ಸಡಿಲಿಸಿದರೆ ಸಾಮಾನ್ಯವಾಗಿ ಸಾಕು. ಇಡೀ ಚಿಕಿತ್ಸೆಯನ್ನು ಕೈಬಿಡಬೇಕಾಗಿಲ್ಲ. ಬೆಳೆಯುವ ಮಗುವಿನ ಮುಂಬಾಗಿಲ ಹಲ್ಲನ್ನು ಅವಸರದಿಂದ ಕೀಳಿಸಿದರೆ ಅಲ್ಲಿಯ ಎಲುಬು ಕರಗಿ, ಮುಂದೆ ಕೃತಕ ಹಲ್ಲು ಕೂರಿಸುವುದೂ ಕಷ್ಟವಾಗುತ್ತದೆ.

ತಂತಿಯನ್ನು ಬಿಗಿಸಿದ ಎರಡು-ಮೂರು ದಿನ ಹಲವು ಹಲ್ಲುಗಳು ಒಟ್ಟಿಗೆ ನೋಯುವುದು ಸಹಜ. ಒಂದೇ ಹಲ್ಲು ರಾತ್ರಿಯೆಲ್ಲ ಮಿಡಿಯುವುದು, ಬಿಸಿ ಪಾನೀಯದ ನೋವು ಬಹಳ ಹೊತ್ತು ನಿಲ್ಲುವುದು, ವಸಡಿನಲ್ಲಿ ಕೀವುಗುಳ್ಳೆ ಏಳುವುದು, ಬಣ್ಣ ಬದಲಾಗುವುದು ಇವು ಅಪಾಯದ ಸೂಚನೆಗಳು. ತೀವ್ರವಾಗಿದ್ದ ನೋವು ತಾನಾಗಿ ಅಡಗಿದರೆ ಗುಣವಾಯಿತೆಂದು ಭಾವಿಸಲಾಗದು, ನರವೇ ಸತ್ತಿರಬಹುದು. ರಕ್ತಸಂಚಾರವಿಲ್ಲದೆಡೆಗೆ ಔಷಧಿಯೂ ತಲುಪದಾದ್ದರಿಂದ ಬರಿಯ ಮಾತ್ರೆಗಳಿಂದ ಈ ರೋಗವು ನೀಗದು.

ವೈದ್ಯರಿಗೂ ಇಲ್ಲೊಂದು ತೊಡಕಿದೆ. ತಂತಿಯ ಒತ್ತಡದಲ್ಲಿರುವ ಜೀವಂತ ಹಲ್ಲೂ ವಿದ್ಯುತ್ ಪರೀಕ್ಷೆಗೆ ತಾತ್ಕಾಲಿಕವಾಗಿ ಸ್ಪಂದಿಸದಿರಬಹುದು. ತಣ್ಣನೆಯ ಸ್ಪರ್ಶದ ಪರೀಕ್ಷೆ, ಎಕ್ಸ್-ರೇ, ಪಕ್ಕದ ಹಲ್ಲುಗಳೊಡನೆ ಹೋಲಿಕೆ ಇವೆಲ್ಲವನ್ನೂ ಒಟ್ಟಿಗಿಟ್ಟು ನಿರ್ಣಯಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ತಂತಿ ಕಟ್ಟುವ ಮುನ್ನ ಆ ಹಲ್ಲು ಹೇಗಿತ್ತೆಂಬುದು ತಿಳಿದಿರಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಕಾಣದಿರುವುದು ಈ ಮಾಹಿತಿಯೇ.

ಉದ್ಯೋಗನಿಮಿತ್ತ ಊರು ಬದಲಿಸುವ ಕುಟುಂಬಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. ನಾಸಿಕದ ಸಾತಪುರ, ಅಂಬಡ ಕೈಗಾರಿಕಾ ವಸಾಹತುಗಳಿಂದ ಛತ್ರಪತಿ ಸಂಭಾಜಿನಗರದ ವಾಳೂಜ, ಚಿಕಲಠಾಣಾಗಳಿಗೆ ವರ್ಗವಾದವರ ಮಗುವಿನ ಚಿಕಿತ್ಸೆ ಅರ್ಧದಲ್ಲೇ ವೈದ್ಯರ ಕೈ ಬದಲಿಸುತ್ತದೆ. ಸೌಕರ್ಯದ ಕೊರತೆಯೇನೂ ಇಲ್ಲ. ನಾಸಿಕದ ಪಂಚವಟಿಯಲ್ಲಿ ಮಹಾತ್ಮಾ ಗಾಂಧಿ ವಿದ್ಯಾಮಂದಿರದ ದಂತ ಮಹಾವಿದ್ಯಾಲಯವಿದೆ. 2023ರವರೆಗೆ ಔರಂಗಾಬಾದ್ ಎನಿಸಿದ್ದ ಸಂಭಾಜಿನಗರದಲ್ಲಿ ಸರ್ಕಾರಿ ದಂತ ಮಹಾವಿದ್ಯಾಲಯವಿದೆ. 1998ರಲ್ಲಿ ಸ್ಥಾಪಿತವಾದ ಮಹಾರಾಷ್ಟ್ರ ಆರೋಗ್ಯವಿಜ್ಞಾನ ವಿಶ್ವವಿದ್ಯಾಲಯದ ಕೇಂದ್ರವೂ ನಾಸಿಕವೇ. ತಜ್ಞರಿದ್ದಾರೆ, ಯಂತ್ರಗಳಿವೆ, ಆದರೆ ಹೊಸ ವೈದ್ಯರ ಮುಂದೆ ಕುಳಿತ ಮಗುವಿನ ಕೈಯಲ್ಲಿ ಹಳೆಯ ಕಾಗದವೊಂದೂ ಇರುವುದಿಲ್ಲ.

ಆದಕಾರಣ ತಂದೆತಾಯಿಗಳು ಮೂರು ಕೆಲಸಗಳನ್ನು ತಪ್ಪದೆ ಮಾಡತಕ್ಕದ್ದು. ಮಗುವಿನ ಹಲ್ಲಿಗೆ ಎಂದಾದರೂ ಪೆಟ್ಟಾಗಿದ್ದರೆ, ಅದೆಷ್ಟೇ ಹಳೆಯದಾಗಿರಲಿ, ತಂತಿ ಕಟ್ಟುವ ಮೊದಲೇ ವೈದ್ಯರಿಗೆ ತಿಳಿಸಬೇಕು. ಅಂತಹ ಹಲ್ಲಿನ ಎಕ್ಸ್-ರೇ ಮತ್ತು ತಿರುಳಿನ ಪರೀಕ್ಷೆಯನ್ನು ಮೊದಲು ಮಾಡಿಸಿ, ಅನಂತರವೂ ಆಗಾಗ ಪರಿಶೀಲಿಸುವಂತೆ ಕೇಳಬೇಕು. ಊರು ಬಿಡುವಾಗ ಎಕ್ಸ್-ರೇ, ಹಲ್ಲಿನ ಅಚ್ಚು, ಚಿಕಿತ್ಸೆಯ ವಿವರ ಇವುಗಳ ಪ್ರತಿಯನ್ನು ಪಡೆದು ಒಯ್ಯಬೇಕು. ವೈದ್ಯರೂ ಇವನ್ನು ಕೇಳದೆಯೇ ಕೊಡುವ ಪದ್ಧತಿಯನ್ನು ಬೆಳೆಸಿಕೊಳ್ಳುವುದು ಅತ್ಯಗತ್ಯ. ರೋಗಿಯ ದಾಖಲೆಯು ಕಪಾಟಿನಲ್ಲಿ ಉಳಿದು, ರೋಗಿಯು ಇನ್ನೂರು ಕಿಲೋಮೀಟರ್ ಆಚೆ ಹೋದರೆ ಆ ದಾಖಲೆಯಿಂದ ಯಾರಿಗೆ ಪ್ರಯೋಜನ?

ಇಷ್ಟೆಲ್ಲ ತಪಾಸಣೆ ವೃಥಾ ಖರ್ಚೆಂದು ಕೆಲವರು ಆಕ್ಷೇಪಿಸಬಹುದು. ಒಂದು ಹಲ್ಲಿನ ಎಕ್ಸ್-ರೇಯಲ್ಲಿ ಕಿರಣದ ಪ್ರಮಾಣ ಅತ್ಯಲ್ಪ. ಕಳೆದುಕೊಂಡ ಹಲ್ಲಿನ ಜಾಗದಲ್ಲಿ ಮತ್ತೊಂದನ್ನು ಕೂರಿಸುವ ವೆಚ್ಚದ ಮುಂದೆ ಅದರ ಬೆಲೆಯೂ ಅಲ್ಪವೇ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆಯು ಹಲ್ಲಿನ ವಿಷಯದಲ್ಲಿ ನಿಜವಾಗದಂತೆ ನೋಡಿಕೊಳ್ಳುವುದು ಹಿರಿಯರ ಹೊಣೆ. ಶಾಶ್ವತ ಹಲ್ಲು ಹೋದರೆ ಮತ್ತೆ ಹುಟ್ಟುವುದಿಲ್ಲ.