ರಕ್ತದಲ್ಲಿ ಉರಿಯ ಸುಳಿವು

ಕೊಲೆಸ್ಟರಾಲ್ ಹದವಾಗಿದ್ದವರಿಗೂ ಹೃದಯಾಘಾತವಾಗುವುದುಂಟು. ಏಕೆ? ಹೃದಯದ ರಕ್ತನಾಳದಲ್ಲಿ ಕೊಬ್ಬು ನಲ್ಲಿ ಕೊಳವೆಯ ಪಾಚಿಯಂತೆ ಸುಮ್ಮನೆ ಕಟ್ಟಿಕೊಳ್ಳುವುದಿಲ್ಲ. ನಾಳದ ಗೋಡೆಯೊಳಗೆ ಬಿಳಿ ರಕ್ತಕಣಗಳು ನುಗ್ಗಿ ಉರಿಯೂತ ಎಬ್ಬಿಸುತ್ತವೆ. ಅದರ ಸುಳಿವು ಕೊಡುವುದು ಯಕೃತ್ತು ತಯಾರಿಸುವ ಸಿ-ರಿಯಾಕ್ಟಿವ್ ಪ್ರೋಟೀನು. 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಮೊದಲು ಸಿಕ್ಕಿದ್ದು ಇದೇ. 1997ರಲ್ಲಿ ಪ್ರಕಟವಾದ ಅಮೆರಿಕದ ವೈದ್ಯರ ಅಧ್ಯಯನದಲ್ಲಿ, ಆರೋಗ್ಯವಾಗಿದ್ದಾಗಲೇ ಇದು ಅತಿ ಹೆಚ್ಚಿದ್ದವರಿಗೆ ಅತಿ ಕಡಿಮೆಯಿದ್ದವರಿಗಿಂತ ಹೃದಯಾಘಾತದ ಸಂಭವ ಸುಮಾರು ಮೂರು ಪಟ್ಟು ಕಂಡಿತು.

ಸೂಕ್ಷ್ಮ ಪರೀಕ್ಷೆಯಲ್ಲಿ ಲೀಟರಿಗೆ 1 ಮಿಲಿಗ್ರಾಂಗಿಂತ ಕಡಿಮೆಯಿದ್ದರೆ ಅಪಾಯ ಕಡಿಮೆ, 3 ದಾಟಿದರೆ ಹೆಚ್ಚು. ಆದರೆ ಇದು ನೆಗಡಿ-ಜ್ವರಕ್ಕೂ ಹಲ್ಲಿನ ಕೀವಿಗೂ ಏರುತ್ತದೆ. ಉರಿ ಎಲ್ಲಿ ಎಂದು ಮಾತ್ರ ಹೇಳದು! ಅಪ್ಪನ ವರದಿಯಲ್ಲಿ 10 ಮೀರಿದ್ದರೆ ಮೊದಲು ಸೋಂಕನ್ನು ಹುಡುಕಿಸಿ. ವಾಸಿಯಾದ ಮೇಲೆ, ಎರಡು ವಾರ ಬಿಟ್ಟು, ಮತ್ತೆ ಪರೀಕ್ಷಿಸಲಿ. ಎದೆನೋವಿದ್ದರೆ ಮಾತ್ರ ಈ ಚೀಟಿಗೆ ಕಾಯಬೇಡಿ, ಆಸ್ಪತ್ರೆಗೆ ಓಡಿ.