ಕಟ್-ಆಫ್ ಎಂಬ ಗುಮ್ಮ

ಕಬ್ಬಾಳಮ್ಮನ ದರ್ಶನಕ್ಕೆ ಬರುವ ಹಳೆಯ ಶಿಷ್ಯರು ಈಚೆಗೆ ಮಕ್ಕಳ ಅಂಕಪಟ್ಟಿಯನ್ನೂ ಹಿಡಿದು ಬರುತ್ತಾರೆ. ‘ಬಿ.ಫಾರ್ಮ್ ಕಟ್-ಆಫ್ ನೋಡಿದೆವು ಸಾರ್, ಸರ್ಕಾರಿ ಕೋಟಾದ ಸೀಟು ನಮಗಲ್ಲವಂತೆ’ ಎನ್ನುತ್ತಾರೆ. ಈ ‘ಅಂತೆ’ಯನ್ನು ಹಬ್ಬಿಸುವವರು ಆಡಳಿತ ಮಂಡಳಿಯ ಸೀಟು ಕೊಡಿಸುವ ಮಧ್ಯವರ್ತಿಗಳು. ಅವರ ವ್ಯಾಪಾರವೆಲ್ಲ ಈ ಭಯದ ಮೇಲೆಯೇ ನಿಂತಿದೆ.

ಕಟ್-ಆಫ್ ತೇರ್ಗಡೆಯ ಅಂಕವಲ್ಲ. ಹಿಂದಿನ ವರ್ಷ ಆ ಕಾಲೇಜಿನಲ್ಲಿ, ಆ ವರ್ಗದಲ್ಲಿ, ಆ ಸುತ್ತಿನಲ್ಲಿ ಕಡೆಯ ಸೀಟು ಪಡೆದವರ ರ‍್ಯಾಂಕ್ ಅದು. ಸಂತೆ ಮುಗಿದ ಮೇಲಿನ ಧಾರಣೆ. ಸಂಖ್ಯೆ ದೊಡ್ಡದಾದಷ್ಟೂ ಬಾಗಿಲು ಅಗಲವೆಂಬುದನ್ನೂ ಹಲವರು ತಿರುವುಮುರುವಾಗಿ ಓದುತ್ತಾರೆ. ರ‍್ಯಾಂಕಿನಲ್ಲಿ ಸಿಇಟಿಗೆ ಅರ್ಧ, ಪಿಯುಸಿಯ ವಿಜ್ಞಾನ ವಿಷಯಗಳಿಗೆ ಅರ್ಧ ಪಾಲು. ಕೋವಿಡ್ ಕಾರಣದಿಂದ ಪಿಯುಸಿ ಪರೀಕ್ಷೆ ರದ್ದಾದ 2021ರಲ್ಲಿ ಸಿಇಟಿ ಅಂಕವೊಂದನ್ನೇ ಪರಿಗಣಿಸಿದರು. ಆ ವರ್ಷದ ಅಂಕವನ್ನು ಇಂದಿಗೆ ಅನ್ವಯಿಸುವುದು ಯಾವ ಗಣಿತ?

ನನಗೆ ಸಿಟ್ಟು ಬರುವುದು ಇನ್ನೊಂದಕ್ಕೆ. ಈ ಮಹನೀಯರು ತೋರಿಸುವುದು ‘ಜಿಎಂ’ ಸಾಲೊಂದನ್ನೇ. ನಮ್ಮ ಮಕ್ಕಳು ಒಂದರಿಂದ ಹತ್ತರವರೆಗೆ ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿದವರು. ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಮೀಸಲಿದೆ. ‘3ಎಆರ್’, ‘3ಎಕೆ’, ‘ಜಿಎಂಆರ್’ ಎಂಬ ಸಾಲುಗಳಿರುವುದು ಯಾರಿಗಾಗಿ? ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುರುಜು ಪಡೆದ ವ್ಯಾಸಂಗ ಪ್ರಮಾಣಪತ್ರವಿಲ್ಲದೆ ಆ ಹಕ್ಕು ಕೈಬಿಟ್ಟುಹೋಗುತ್ತದೆ. ಅದನ್ನು ಮಾತ್ರ ಯಾವ ಮಧ್ಯವರ್ತಿಯೂ ಹೇಳಿಕೊಡುವುದಿಲ್ಲ!

ಆಪ್ಷನ್ ತುಂಬುವಾಗ ಬೆಂಗಳೂರಿನ ಸರ್ಕಾರಿ ಫಾರ್ಮಸಿ ಕಾಲೇಜನ್ನು ಧೈರ್ಯವಾಗಿ ಮೊದಲು ಬರೆಯಿರಿ. ಅದು ಸಿಗದಿದ್ದರೂ ಕೆಳಗೆ ಬರೆದ ಕಾಲೇಜಿನ ಅವಕಾಶ ತಪ್ಪುವುದಿಲ್ಲ.